ಮಾರಾಟಕ್ಕೆ ಮೀಸೆ ಬಂದಾಗ

ಕನ್ನಡ ಮಾಧ್ಯಮದಲ್ಲಿ ಓದಿ ಕೆಲಸಕ್ಕೆ ಸೇರಿದವರಿಗೆ ಕಚೇರಿಯ ಇಂಗ್ಲಿಷ್ ಹೇಳಿಕೊಡುವುದು ನನ್ನ ಕಸುಬು. ಈಚೆಗೆ ಒಬ್ಬ ಹುಡುಗ ತಿದ್ದಿಕೊಡಿ ಎಂದು ತಂದ ವರದಿ ‘ಸೇಲ್ಸ್ ಗ್ರೂ ಅಪ್’ ಎಂದು ಶುರುವಾಗಿತ್ತು. ‘ಗ್ರೋ ಅಪ್’ ಹೆಚ್ಚಾಗಿ ಮಕ್ಕಳು ದೊಡ್ಡವರಾಗುವುದಕ್ಕೆ ಹೇಳುವ ಮಾತು. ಓದಿದವರಿಗೆ ಮಾರಾಟಕ್ಕೆ ಮೀಸೆ ಚಿಗುರಿದಂತೆ ಕಾಣುತ್ತದೆ. ‘ಸೇಲ್ಸ್ ಗ್ರೂ’ ಎಂದರೆ ಸಾಕಿತ್ತು. ಈ ‘ಅಪ್’ ಎಲ್ಲಿಂದ ಬಂತು ಎಂದು ಕೇಳಿದೆ. “ಬೆಲೆಗೆ ಗೋ ಅಪ್ ಅನ್ನುತ್ತಾರಲ್ಲ ಮೇಡಂ” ಎಂದ. ತರ್ಕವೇನೋ ಸರಿ, ಆದರೆ ಯಾವ ಪದಕ್ಕೆ ಯಾವುದು ಜೊತೆಯಾಗಬೇಕು ಎಂದು ತೀರ್ಮಾನಿಸುವುದು ರೂಢಿ.

ನಮ್ಮಲ್ಲೂ ಪೈರು ಹುಲುಸಾಗಿ ಬೆಳೆಯುತ್ತದೆ, ಆದರೆ ಸಂಬಳ ಹುಲುಸಾಗಿ ಏರಿತು ಎಂದರೆ ನಗುತ್ತಾರೆ. ಬೆಲೆ ಏರುತ್ತದೆ, ಸಾಲ ಬೆಳೆಯುತ್ತದೆ. ಇಂಗ್ಲಿಷಿನಲ್ಲೂ ಬೆಲೆಗೆ ‘ರೈಸ್’, ಆರ್ಥಿಕತೆಗೆ ‘ಗ್ರೋ’.

ನಮ್ಮವರನ್ನು ಹೆಚ್ಚು ಎಡವಿಸುವುದು ವಿಶೇಷಣಗಳು. ಕನ್ನಡದ ‘ಭಾರಿ’ ಮಳೆಗೂ ಏರಿಕೆಗೂ ಬೆಳವಣಿಗೆಗೂ ಒದಗುತ್ತದೆ. ಇಂಗ್ಲಿಷಿನಲ್ಲಿ ಮಳೆಗೆ ‘ಹೆವಿ’, ಏರಿಕೆಗೆ ‘ಶಾರ್ಪ್’, ಬೆಳವಣಿಗೆಗೆ ‘ಸ್ಟ್ರಾಂಗ್’ ಅಥವಾ ‘ರ‍್ಯಾಪಿಡ್’. ‘ಹೆವಿ ಗ್ರೋಥ್’ ಎಂಬುದೂ ಇಲ್ಲದಿಲ್ಲ. ಮೂತ್ರ ಪರೀಕ್ಷೆಯ ಕಲ್ಚರ್ ವರದಿಯಲ್ಲಿ ಬ್ಯಾಕ್ಟೀರಿಯಾ ಹೇರಳವಾಗಿ ಬೆಳೆದಿದ್ದರೆ ಹಾಗೆ ಬರೆಯುತ್ತಾರೆ. ಕಂಪನಿಯ ವಾರ್ಷಿಕ ವರದಿಯಲ್ಲಿ ಅದು ಬೇಡ.

‘ಕುಂಠಿತ’ ಇನ್ನೂ ತೊಡಕಿನದು. ನಮ್ಮ ಪತ್ರಿಕೆಗಳಲ್ಲಿ ಕಾಮಗಾರಿ ಕುಂಠಿತ, ಮಗುವಿನ ಬೆಳವಣಿಗೆ ಕುಂಠಿತ, ಆರ್ಥಿಕ ಪ್ರಗತಿಯೂ ಕುಂಠಿತ. ನಿಘಂಟು ತೆರೆದವರು ಎಲ್ಲಕ್ಕೂ ‘ಸ್ಟಂಟೆಡ್’ ಎಂದು ಬರೆದುಬಿಡುತ್ತಾರೆ. ಗಿಡಕ್ಕೆ, ಮಗುವಿಗೆ ಅದು ಸರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಂದಿ ‘ಸ್ಟಂಟೆಡ್’ ಎಂದಿತು, ಅಂದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ತೆವಳುತ್ತಿರುವ ಆರ್ಥಿಕತೆಗೆ ಸಲ್ಲುವುದು ‘ಸ್ಲಗ್ಗಿಷ್ ಗ್ರೋಥ್’. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಭಾರತ ವರ್ಷಕ್ಕೆ ಸುಮಾರು ಶೇ 3.5ರಂತೆ ಬೆಳೆದದ್ದು ಈ ಬಗೆಯದು. ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ ಅದಕ್ಕೆ ‘ಹಿಂದೂ ರೇಟ್ ಆಫ್ ಗ್ರೋಥ್’ ಎಂದು ಹೆಸರಿಟ್ಟರು. ಚುಚ್ಚಿ ಹೇಳಿದ ಮಾತು, ಹಾಗಾಗಿಯೇ ಉಳಿಯಿತು.

ಇವೆಲ್ಲ ಕೇಳುವ ಕಿವಿಗಷ್ಟೇ ಕಿರಿಕಿರಿ. ಅರ್ಥವನ್ನೇ ಕೆಡಿಸುವ ತಪ್ಪು ಬೇರೆ ಇದೆ. ‘ಗ್ರೋಥ್ ಸ್ಲೋಡ್’ ಎಂದರೆ ಮಾರಾಟ ಇಳಿಯಿತು ಎಂದಲ್ಲ. ನೂರು ಕೋಟಿಯ ವಹಿವಾಟು 110 ಆಯಿತು, ಮರುವರ್ಷ 115.5 ಆಯಿತು ಎನ್ನಿ. ಬೆಳವಣಿಗೆಯ ದರ ಶೇ 10ರಿಂದ 5ಕ್ಕೆ ಬಂತು, ಹಣ ಮಾತ್ರ ಹೆಚ್ಚೇ ಆಯಿತು. ಇದನ್ನು ‘ಸೇಲ್ಸ್ ಫೆಲ್’ ಎಂದು ಬರೆದರೆ ಶುದ್ಧ ಸುಳ್ಳು. ದರ ಎಷ್ಟು ಇಳಿಯಿತು ಎನ್ನುವಾಗಲೂ ಎಚ್ಚರ ಬೇಕು: ಎರಡು ದರಗಳ ನೇರ ವ್ಯತ್ಯಾಸ ಹೇಳುವುದಾದರೆ ‘ಫೈವ್ ಪರ್ಸೆಂಟೇಜ್ ಪಾಯಿಂಟ್ಸ್’, ಹತ್ತರಲ್ಲಿ ಅರ್ಧ ಹೋಯಿತು ಎನ್ನುವುದಾದರೆ ಐವತ್ತು ಪರ್ಸೆಂಟ್. ‘ಫೈವ್ ಪರ್ಸೆಂಟ್’ ಅಂತೂ ಅಲ್ಲ.

ಹುಡುಗ ವರದಿಯನ್ನು ಮತ್ತೆ ಬರೆದು ತಂದ. ‘ಅಪ್’ ಹೋಗಿತ್ತು, ‘ಸ್ಟ್ರಾಂಗ್’ ಬಂದಿತ್ತು. ಕೊನೆಯಲ್ಲಿ ‘ಡಬಲ್ ಡಿಜಿಟ್ ಗ್ರೋಥ್’ ಎಂದು ಹೊಸದಾಗಿ ಸೇರಿಸಿದ್ದ, ಪಕ್ಕದಲ್ಲಿ ಶೇ 9.6. ಹತ್ತು ಮುಟ್ಟದೆ ಹಾಗೆನ್ನುವಂತಿಲ್ಲ ಎಂದೆ. ಅಂಕಿಯನ್ನೇ ನೋಡುತ್ತಾ, “ಎರಡು ಅಂಕೆ ಇವೆಯಲ್ಲ ಮೇಡಂ” ಎಂದ.