ಮೊದಲು ಮಣ್ಣು ಮುಟ್ಟಿ, ಆಮೇಲೆ ಪೈಪು ಹಿಡಿಯಿರಿ

ಏಪ್ರಿಲ್ ಅರ್ಧ ಕಳೆಯುವುದೇ ತಡ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ. “ಸರ, ಮಲ್ಲಿಗಿ ಬಳ್ಳಿ ಜೋತು ಬಿದ್ದೈತ್ರಿ. ಮುಂಜಾನೆ ಹಾಕೀನಿ, ಈಗೂ ಒಂದು ಕೊಡ ಹಾಕಿದೆ, ಆದ್ರೂ ಏಳವಲ್ದು.” ಹುಬ್ಬಳ್ಳಿಯ ವಿದ್ಯಾನಗರ ಇರಲಿ, ಧಾರವಾಡದ ಸಪ್ತಾಪುರ ಇರಲಿ, ಗದಗ-ಬೆಟಗೇರಿ ಇರಲಿ, ದೂರು ಇದೊಂದೇ. ಮನೆ ತೋಟಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ನಾನು ಕಂಡಂತೆ, ಬೇಸಿಗೆಯಲ್ಲಿ ನೀರಿಲ್ಲದೆ ಸತ್ತ ಹೂಗಿಡಗಳಿಗಿಂತ ನೀರು ಹೆಚ್ಚಾಗಿ ಸತ್ತವೇ ಜಾಸ್ತಿ.

ಗೊಬ್ಬರ, ಬಿಸಿಲು, ಕುಂಡದ ತೂತಿನ ಮಾತು ಇಲ್ಲಿ ಬೇಡ, ಅವು ನಿಮಗೆ ಗೊತ್ತಿರುವಂಥವೇ. ಈ ಒಂದು ಸಂಗತಿಯನ್ನು ಮಾತ್ರ ದಯವಿಟ್ಟು ನಿಧಾನವಾಗಿ ಓದಿ.

ಕಡು ಬಿಸಿಲಿನಲ್ಲಿ ಎಲೆಯಿಂದ ಆರಿಹೋಗುವ ನೀರು, ಅದೇ ಹೊತ್ತಿಗೆ ಬೇರು ಎಳೆದುಕೊಡುವ ನೀರಿಗಿಂತ ಹೆಚ್ಚು. ಬುಡದಲ್ಲಿ ಹಸಿ ಇದ್ದರೂ ಬೇರಿಗೆ ಅಷ್ಟು ಬೇಗ ಪೂರೈಸಲು ಆಗುವುದಿಲ್ಲ. ಆಗ ದಾಸವಾಳದಂಥ ಅಗಲ ಎಲೆಯ ಗಿಡ ಎಲೆ ಜೋಲಿಸಿ ಬಿಸಿಲಿಗೆ ಒಡ್ಡುವ ಮೈ ಕಡಿಮೆ ಮಾಡಿಕೊಳ್ಳುತ್ತದೆ. ಹೊತ್ತು ಇಳಿದಂತೆ ತಾನೇ ಎದ್ದು ನಿಲ್ಲುತ್ತದೆ. ನೀವು ಎರಡು ಗಂಟೆಗೆ ನೋಡಿ ಗಾಬರಿಯಾದ ಗಿಡವನ್ನು ಮರುದಿನ ಮುಂಜಾನೆ ಆರಕ್ಕೆ ನೋಡಿ. ನೆಟ್ಟಗಿದ್ದರೆ ಅದಕ್ಕೆ ನೀರಿನ ಕೊರತೆ ಇಲ್ಲ. ಮುಂಜಾನೆಯೂ ಜೋತಿದ್ದರೆ ಮಾತ್ರ ಚಿಂತೆ. ಆಗಲೂ ಪೈಪಿಗೆ ಕೈ ಹಾಕುವ ಮೊದಲು ಮಣ್ಣಿಗೆ ಕೈ ಹಾಕಬೇಕು.

ಯಾಕೆಂದರೆ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಜಾಗದಲ್ಲೆಲ್ಲ ನೀರೇ ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಬೇರು ನೀರು ಎಳೆಯಲಾರದು. ಸುತ್ತಲೂ ನೀರಿದ್ದೂ ಗಿಡ ಬಾಡುತ್ತದೆ. ಬಾಯಾರಿದ ಗಿಡವೂ ಬೇರು ಕೊಳೆತ ಗಿಡವೂ ಮೇಲಿನಿಂದ ಒಂದೇ ತರ ಕಾಣುತ್ತವೆ. ಬಾಡಿದೆ ಎಂದು ನೀರು, ನೀರಿನಿಂದ ಮತ್ತಷ್ಟು ಬಾಡು, ಬಾಡಿದೆ ಎಂದು ಮತ್ತೆ ನೀರು. ನಾನು ಹೋಗುವಷ್ಟರಲ್ಲಿ ಬುಡ ಕಪ್ಪಾಗಿರುತ್ತದೆ.

ಹುಬ್ಬಳ್ಳಿಯವರ ಕಷ್ಟ ನನಗೆ ಅರ್ಥವಾಗುತ್ತದೆ. ಬಹಳಷ್ಟು ಓಣಿಗಳಲ್ಲಿ ನಳ ಬರುವುದೇ ಹಲವು ದಿನಕ್ಕೊಮ್ಮೆ. ಬಂದ ದಿನ ಸಂಪು, ಸಿಂಟೆಕ್ಸ್, ಬ್ಯಾರಲ್ ಎಲ್ಲ ತುಂಬಿಸಿ, ಉಳಿದದ್ದಕ್ಕೆ ಪೈಪನ್ನು ತೋಟಕ್ಕೆ ಬಿಟ್ಟುಬಿಡುತ್ತಾರೆ. ಮತ್ತೆ ಯಾವಾಗ ಬರುತ್ತದೋ ಎಂಬ ಜೀವಭಯ ಅದು. ಆದರೆ ಮಣ್ಣು ಬ್ಯಾರಲ್ ಇದ್ದಂತಲ್ಲ. ಅದು ಹಿಡಿಯುವಷ್ಟೇ ಹಿಡಿಯುತ್ತದೆ. ಆ ನೀರನ್ನು ಬ್ಯಾರಲ್‌ನಲ್ಲಿಡಿ, ಎರಡು-ಮೂರು ದಿನಕ್ಕೊಮ್ಮೆ ಚೊಂಬಿನಿಂದ ಹಾಕಿ.

ಇದರ ಮೇಲೆ ನಮ್ಮ ಎರಿ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು. ಧಾರವಾಡದ ಕಡೆ ಮಸಾರಿ, ಅಂದರೆ ಕೆಂಪು ಮಣ್ಣು ಇದ್ದವರು ಸ್ವಲ್ಪ ತಪ್ಪು ಮಾಡಿದರೂ ದಕ್ಕುತ್ತದೆ, ನೀರು ಇಳಿದುಹೋಗುತ್ತದೆ. ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆ ಹೋದಂತೆ ಎರಿ. ಅದು ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಒಂದು ಗೇಣು ಕೆಳಗೆ ಹಸಿ ಹಿಡಿದಿಟ್ಟುಕೊಂಡಿರುತ್ತದೆ. ಬಿರುಕಿಗೆ ಪೈಪು ಬಿಟ್ಟರೆ ನೀರು ಸೀಳಿನಲ್ಲಿ ನೇರ ಕೆಳಗೆ ಹೋಗುತ್ತದೆ, ಬೇರಿನ ಸುತ್ತಲಿನ ಹೆಂಟೆ ಹಾಗೇ ಉಳಿಯುತ್ತದೆ. ಮೊದಲು ಕುರ್ಪಿಯಿಂದ ಮೇಲ್ಮಣ್ಣು ಸಡಿಲಿಸಿ ಸೀಳು ಮುಚ್ಚಿ, ಒಂದು ಚೊಂಬು ಹಾಕಿ, ಅದು ಇಂಗಿದ ಮೇಲೆ ಇನ್ನೊಂದು. ಇನ್ನು ಬರೀ ಎರಿ ತುಂಬಿದ ಕುಂಡದಲ್ಲಿ ಮಲ್ಲಿಗೆ ನೆಡುವುದಂತೂ ಬೇಡವೇ ಬೇಡ. ಮಸಾರಿ, ಉಸುಕು, ಹಳೆಯ ತಿಪ್ಪಿಗೊಬ್ಬರ ಬೆರೆಸಲೇಬೇಕು.

ಹೋದ ವರ್ಷ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಒಬ್ಬ ಹಿರಿಯ ತಾಯಿ ಕರೆಸಿದ್ದರು. ತವರಿನಿಂದ ತಂದು ನೆಟ್ಟ ದುಂಡು ಮಲ್ಲಿಗೆ, ದಿನಾ ಎರಡು ಹೊತ್ತು ನೀರು. ಕುಂಡ ಬೋರಲು ಹಾಕಿದೆ. ಮಣ್ಣು ಗಟ್ಟಿ ಮುದ್ದೆಯಾಗಿ ಹೊರಬಂತು, ಗಟಾರದ ವಾಸನೆ ಹೊಡೆಯಿತು. ಬೆಳ್ಳಗಿರಬೇಕಾದ ಎಳೆ ಬೇರು ಒಂದೂ ಇರಲಿಲ್ಲ. ಕಂದು ಬೇರನ್ನು ಎಳೆದರೆ ಸಿಪ್ಪೆ ಬೆರಳಿಗೆ ಬಂದು ಒಳಗಿನ ದಾರದಂಥ ಎಳೆಯಷ್ಟೇ ಉಳಿಯಿತು. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. “ನಾನಽ ಕೊಂದೆನೇನ್ರಿ?” ಎಂದರು. ಏನು ಹೇಳಲಿ? ಪ್ರೀತಿ ಮಾಡಿದವರಿಗೆ ಬೈಯಲು ಬಾಯಿ ಬರುವುದಿಲ್ಲ. ಕೊಳೆತದ್ದನ್ನು ಕತ್ತರಿಸಿ, ಬಳ್ಳಿಯನ್ನು ಅರ್ಧಕ್ಕೆ ಇಳಿಸಿ, ಹೊಸ ಮಣ್ಣಿನಲ್ಲಿ ನೆರಳಿಗೆ ಇಟ್ಟೆ. ಉಳಿಯುತ್ತದೆ ಎಂದು ಮಾತು ಕೊಡಲಿಲ್ಲ. ಎರಡು ಕಡ್ಡಿ ಕತ್ತರಿಸಿ ಉಸುಕಿನಲ್ಲಿ ಬೇರೆ ನೆಟ್ಟೆ.

ಅವರಿಗೆ ಅವತ್ತು ಹೇಳಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ. ಬೆರಳಿನ ಎರಡು ಗೆಣ್ಣು ಮುಳುಗುವಷ್ಟು ಆಳದಿಂದ ಒಂದು ಚಿಟಿಕೆ ಮಣ್ಣು ತೆಗೆದು ಅಂಗೈಯಲ್ಲಿ ಒತ್ತಿ. ಜೋಳದ ಹಿಟ್ಟು ನಾದಿದಂತೆ ಉಂಡೆ ಕಟ್ಟಿದರೆ ಇವತ್ತು ನೀರು ಬೇಡ. ಒಣ ಹಿಟ್ಟಿನಂತೆ ಉದುರಿದರೆ ಹಾಕಿ. ರೊಟ್ಟಿ ಬಡಿದ ಕೈಗೆ ಇದನ್ನು ಎರಡನೇ ಸಲ ಹೇಳಬೇಕಿಲ್ಲ. ಆ ತಾಯಿ ಒಂದೇ ಸಲಕ್ಕೆ ಹಿಡಿದುಬಿಟ್ಟರು.

ಆದರೂ ಒಂದು ಎಚ್ಚರಿಕೆ. ಆರ್‌ಸಿಸಿ ಮಾಳಿಗೆ ಮೇಲಿನ ಸಣ್ಣ ಕುಂಡಗಳಿಗೆ, ಹೊಸದಾಗಿ ನೆಟ್ಟ ಸಸಿಗಳಿಗೆ ದಿನಾ ನೀರು ಬೇಕಾಗಬಹುದು. ಗಿಡ ನೋಡದೆ ಫೋನಿನಲ್ಲಿ “ಇಷ್ಟು ಹಾಕಿ” ಎಂದು ಹೇಳುವುದಿಲ್ಲ. ಹಾಕುವುದಾದರೆ ಮುಂಜಾನೆ ಹಾಕಿ. ಮಧ್ಯಾಹ್ನ ಪೈಪಿನಲ್ಲಿ ನಿಂತ ನೀರು ಕೈ ಸುಡುತ್ತದೆ, ಬೇರನ್ನು ಬಿಡುತ್ತದೆಯೇ? ಬುಡಕ್ಕೆ ಶೇಂಗಾ ಹೊಟ್ಟು ಅಥವಾ ಕತ್ತರಿಸಿದ ಜೋಳದ ಕಣಿಕಿ (ಒಣ ದಂಟು) ಹೊದಿಸಿ, ಕಾಂಡಕ್ಕೆ ತಾಗದಂತೆ ಎರಡು ಬೆರಳು ಬಿಟ್ಟು. ಹಸಿ ಬೇಗ ಆರದೆ ನೀರಿನ ಲೆಕ್ಕವೇ ಬದಲಾಗುತ್ತದೆ. ಬಾಡಿದ ಗಿಡಕ್ಕೆ ಯೂರಿಯಾ ಮಾತ್ರ ಬೇಡ. ಸೋತ ಬೇರು ಆ ಗೊಬ್ಬರದ ಉಪ್ಪಿನಿಂದ ಸುಡುತ್ತದೆ.

ಬೇಸಿಗೆಯಲ್ಲಿ ಸಂಜೆ ಹೊತ್ತು ಗುಡುಗಿ ಅಡ್ಡಮಳೆ ಬಂದರೆ ಕುಂಡದ ಕೆಳಗಿನ ತಟ್ಟೆಗಳನ್ನು ಅವತ್ತೇ ಚೆಲ್ಲಿ. ಮರುದಿನ ರೂಢಿಯಂತೆ ಪೈಪು ಹಿಡಿಯಬೇಡಿ. ಸೇವಂತಿಗೆ ಬುಡದ ಮರಿಗಳನ್ನು ಬಿಡಿಸಿ ನೆಡುವವರು ಮಿರಗದ ಮಳೆ, ಅಂದರೆ ಜೂನ್ ಆರಂಭದ ಮೃಗಶಿರಾ ಮಳೆ, ಹತ್ತಿರ ಬರುವವರೆಗೆ ತಡೆಯಿರಿ, ಅಷ್ಟರಲ್ಲಿ ಮಣ್ಣು ಬೆರೆಸಿ ಇಟ್ಟುಕೊಳ್ಳಿ. ಆ ತಾಯಿಯ ಹಳೆ ಬಳ್ಳಿ ಉಳಿಯಲಿಲ್ಲ. ಉಸುಕಿನಲ್ಲಿ ನೆಟ್ಟ ಎರಡು ಕಡ್ಡಿಗಳಲ್ಲಿ ಒಂದು ಚಿಗುರಿ, ಈಗ ಅವರ ಮೊಣಕಾಲೆತ್ತರ ಇದೆ.