ಗಮಕ ಕೂಟ ನಡೆಸಲು ಸಂಘದ ನೋಂದಣಿ ಬೇಕೇ?

ಪ್ರಶ್ನೆ: ಬಡಾವಣೆಯ ನಾಲ್ಕೈದು ಮಂದಿ ಸೇರಿ ವಾರಕ್ಕೊಮ್ಮೆ ಕುಮಾರವ್ಯಾಸ ಭಾರತದ ವಾಚನ ನಡೆಸಬೇಕೆಂದಿದ್ದೇವೆ. ಮೊದಲು ಸಂಘವನ್ನು ನೋಂದಾಯಿಸಬೇಕೇ?

ಉತ್ತರ: ಬೇಕಿಲ್ಲ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೂ ಕೂಟವೆಂದರೆ ಮೊದಲು ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ರಬ್ಬರ್ ಸ್ಟಾಂಪು, ಆಮೇಲೆ ಹೊತ್ತು ಮಿಕ್ಕರೆ ಓದು ಎಂಬ ಭ್ರಮೆ ನಮ್ಮವರನ್ನು ಬಿಟ್ಟು ಹೋಗುವಂತೆ ಕಾಣುವುದಿಲ್ಲ. ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಸಂವಿಧಾನದ 19(1)(ಸಿ) ವಿಧಿಯೇ ನೀಡಿದೆ. ಪಡಸಾಲೆಯಲ್ಲಿ ಕುಳಿತು ಷಟ್ಪದಿ ಓದುವುದಕ್ಕೆ ಯಾವ ಇಲಾಖೆಯ ಮುದ್ರೆಯೂ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ನೋಂದಣಿಗೆ ಕನಿಷ್ಠ 7 ಮಂದಿ ಇರಬೇಕೆಂಬುದನ್ನು ಅರ್ಧ ಕೇಳಿಸಿಕೊಂಡವರು, ಏಳು ಮಂದಿ ಸೇರದೆ ಕೂಟವನ್ನೇ ನಡೆಸುವಂತಿಲ್ಲ ಎಂದು ಹಬ್ಬಿಸಿದ್ದಾರೆ. ಆ ಏಳು ನೋಂದಣಿ ಕಚೇರಿಯ ಲೆಕ್ಕವೇ ಹೊರತು ಓದಿನ ಲೆಕ್ಕವಲ್ಲ. ಸಂಘದ ಹೆಸರಿನಲ್ಲಿ ನಿವೇಶನ ಕೊಳ್ಳುವಾಗ, ಅನುದಾನಕ್ಕೆ ಅರ್ಜಿ ಹಾಕುವಾಗ ನೋಂದಣಿಯಿಂದ ಅನುಕೂಲವಿದೆ, ನಿಜ; ಆದರೆ ಅದರ ಬೆನ್ನಿಗೇ ಬೈಲಾ, ವಾರ್ಷಿಕ ಮಹಾಸಭೆ, ವರ್ಷವರ್ಷವೂ ಸಲ್ಲಿಸಬೇಕಾದ ಲೆಕ್ಕಪತ್ರಗಳೂ ಬರುತ್ತವೆ. ಒಂದು ಪದ್ಯವನ್ನೂ ಓದದವರಿಗೆ ಈ ಹೊರೆ ಏಕೆ?

ಗಮಕಕ್ಕೆ ಬೇಕಾದವರು ಇಬ್ಬರು: ರಾಗವಾಗಿ ಓದುವ ವಾಚನಕಾರರು, ಅರ್ಥ ಬಿಡಿಸುವ ವ್ಯಾಖ್ಯಾನಕಾರರು. ಊರಿನ ಚಾವಡಿಗಳಲ್ಲಿ, ಗುಡಿಯ ಜಗಲಿಗಳಲ್ಲಿ ಭಾರತ ನಡೆದು ಬಂದದ್ದು ಹೀಗೆಯೇ, ಅಲ್ಲಿ ಹಾಜರಿ ಪುಸ್ತಕ ಇಟ್ಟವರಿಲ್ಲ. ಶಿವಮೊಗ್ಗದ ಹೊಸಹಳ್ಳಿಯಂಥ ಪುಟ್ಟ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದನ್ನು ನೆನೆಯಿರಿ. ಗೌರವ ಸಂದದ್ದು ಕಂಠಕ್ಕೆ, ಲೆಟರ್‌ಹೆಡ್ಡಿಗಲ್ಲ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಹತ್ತು ಪರ್ವಗಳಲ್ಲಿ ಯಾವುದರಿಂದ ಆರಂಭಿಸಬೇಕು? ಆದಿಪರ್ವದಿಂದಲೇ ಎಂದು ಹಟ ಹಿಡಿಯಬೇಡಿ. ಮಳೆ ಬಾರದಿದ್ದಾಗ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವ ಓದಿಸುವ ರೂಢಿಯಿದೆ. ಮಳೆಯ ಮಾತು ಹಾಗಿರಲಿ, ಹೊಸಬರ ಕೂಟಕ್ಕೂ ಅದೇ ಸೂಕ್ತ; ಕೀಚಕನ ಪ್ರಸಂಗ ಕೇಳುಗರನ್ನು ಕದಲಗೊಡುವುದಿಲ್ಲ, ಒಲೆಯ ಮುಂದಿನ ಪೌರುಷಕ್ಕೆ ಹೆಸರಾದ ಉತ್ತರಕುಮಾರ ಮಕ್ಕಳನ್ನೂ ನಗಿಸುತ್ತಾನೆ. ಈ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆ ಕಿವಿಗೆ ಹತ್ತುವವರೆಗೆ ವಾರಕ್ಕೆ ಹತ್ತು ಹನ್ನೆರಡು ಪದ್ಯ ಸಾಕು. ವ್ಯಾಖ್ಯಾನಕಾರರು ಮಾತ್ರ ಹಿಂದಿನ ದಿನವೇ ಓದಿಕೊಂಡು ಬರಲಿ.