ಹಳೆ ಫೋಟೋಗೆ ಲ್ಯಾಮಿನೇಷನ್ ಮಾಡಿಸಬೇಡಿ

ಮಳೆಗಾಲ ಶುರುವಾದರೆ ಕಾಸರಗೋಡಿನಲ್ಲಿ ನನಗೆ ಕೆಲಸ ಜಾಸ್ತಿ. ಅಜ್ಜನ ಕಾಲದ ಫೋಟೋಗಳನ್ನು ಸರಿಮಾಡಿ, ಸ್ಕ್ಯಾನ್ ಮಾಡಿಕೊಡಿ ಅಂತ ಜನ ಬರುತ್ತಾರೆ. ಮದುವೆ, ನಾಮಕರಣದ ಫೋಟೋಗಳ ನಡುವೆ ಕೆಲವೊಮ್ಮೆ 1956ರ ಆಸುಪಾಸಿನದ್ದೂ ಸಿಗುತ್ತದೆ. ಆ ವರ್ಷ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು, ಅದನ್ನು ವಿರೋಧಿಸಿ ಕೈಯಲ್ಲಿ ಬೋರ್ಡು ಹಿಡಿದು ನಡೆದವರ ಚಿತ್ರಗಳು ಅವು. ನನ್ನ ಕೈಗೆ ಬಂದಿದ್ದೆಲ್ಲ ಮನೆಗಳ ಪೆಟ್ಟಿಗೆಯಿಂದಲೇ.

ಅಂಥದ್ದನ್ನು ಲ್ಯಾಮಿನೇಷನ್ ಮಾಡಿಸಿ ತಂದರೆ ಸಂಕಟವಾಗುತ್ತದೆ. "ನೀರು ತಾಗಬಾರದು ಅಂತ ಮಾಡಿಸಿದ್ದು" ಎನ್ನುತ್ತಾರೆ.

ಮಾರಾಯ್ರೆ, ಸ್ವಲ್ಪ ಕೇಳಿ. ಕಪ್ಪು ಬಿಳುಪು ಫೋಟೋದ ಚಿತ್ರ ಕಾಗದದಲ್ಲಿ ಇರುವುದಿಲ್ಲ. ಕಾಗದದ ಮೇಲೆ ಜೆಲಾಟಿನ್ ಎಂಬ ತೆಳು ಪದರ ಇದೆ, ಅದರೊಳಗಿನ ಬೆಳ್ಳಿಯ ಸಣ್ಣ ಕಣಗಳೇ ಚಿತ್ರ. ಜೆಲಾಟಿನ್ ಗಾಳಿಯ ತೇವ ಹೀರುತ್ತದೆ. ಮೆಷಿನ್ನಿನ ಬಿಸಿಗೆ ಪ್ಲಾಸ್ಟಿಕ್ಕಿನ ಅಂಟು ಕರಗಿ ಆ ಪದರಕ್ಕೇ ಹಿಡಿಯುತ್ತದೆ. ಆಮೇಲೆ ಬಿಡಿಸಲು ಹೋದರೆ ಪ್ಲಾಸ್ಟಿಕ್ ಜೊತೆ ಮುಖವೂ ಎದ್ದು ಬರುತ್ತದೆ. ಹೊರಗಿನ ನೀರು ತಡೆದಿರಬಹುದು, ಆದರೆ ಒಳಗೆ ಮೊದಲೇ ಇದ್ದ ತೇವ ಎಲ್ಲಿಗೆ ಹೋಗಬೇಕು? ಅಲ್ಲೇ ಕೂತು ಬೂಸ್ಟು ಹಿಡಿಸುತ್ತದೆ.

ಒಂದು ಮೆರವಣಿಗೆ ಫೋಟೋದಲ್ಲಿ ಬೋರ್ಡಿನ ಮೊದಲ ಸಾಲು ಚೆನ್ನಾಗಿ ಓದಲು ಬರುತ್ತದೆ, ಎರಡನೇ ಸಾಲಿನ ಮೇಲೆ ಗಾಳಿಗುಳ್ಳೆ. ಆ ಸಾಲಿನಲ್ಲಿ ಏನಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಬ್ಬ ಅಜ್ಜಿ ಗಂಡನ ಫೋಟೋವನ್ನು ಹಳೆ ವೇಷ್ಟಿಯ ತುಂಡಿನಲ್ಲಿ ಸುತ್ತಿ, ಅಕ್ಕಿ ಡಬ್ಬದ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದರು, ಅಷ್ಟೇ. ಸೈನ್ಯದಲ್ಲಿದ್ದವರು. ದೊಡ್ಡದು ಮಾಡಿ ನೋಡಿದಾಗ ಟೋಪಿಯ ಬ್ಯಾಡ್ಜಿನಲ್ಲಿ ಕಿರೀಟ ಸ್ಪಷ್ಟವಾಗಿ ಕಂಡಿತು. 1950ರಲ್ಲಿ ಗಣರಾಜ್ಯವಾದ ಮೇಲೆ ನಮ್ಮ ಸೈನ್ಯದ ಬ್ಯಾಡ್ಜುಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು. ಹಾಗಾಗಿ ಫೋಟೋ ಅದಕ್ಕಿಂತ ಹಿಂದಿನದಿರಬಹುದು. ಖಡಾಖಂಡಿತ ಎನ್ನಲಾರೆ, ಹಳೆ ಬ್ಯಾಡ್ಜು ಕೆಲವು ಕಾಲ ಬಳಕೆಯಲ್ಲಿ ಉಳಿದದ್ದೂ ಇರಬಹುದು. ಆದರೆ ಇಷ್ಟಾದರೂ ಹೇಳಲು ಬಂತು, ಅಲ್ವಾ? ಆ ಅಜ್ಜಿಯ ಕೈಗೆ ನಮಸ್ಕಾರ.

ಈಗಾಗಲೇ ಲ್ಯಾಮಿನೇಷನ್ ಆಗಿದ್ದರೆ ಸುಮ್ನೆ ಎಳೆಯಬೇಡಿ, ಬಿಸಿ ಮಾಡಬೇಡಿ, ಹಾಗೇ ತನ್ನಿ. ಹೊಳಪಿನಿಂದ ಸ್ಕ್ಯಾನ್ ಪೂರ್ತಿ ಚೆನ್ನಾಗಿ ಬರಲಿಕ್ಕಿಲ್ಲ, ಪ್ರಯತ್ನಿಸುತ್ತೇನೆ. ಫ್ರೇಮಿನ ಗಾಜಿಗೆ ಅಂಟಿದ್ದರೆ ಗಾಜಿನ ಸಮೇತ ತನ್ನಿ. ಲ್ಯಾಮಿನೇಷನ್ ಆಗದಿದ್ದನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಹೆಸರುಗಳನ್ನು ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲಿನಿಂದ ಬರೆಯಿರಿ, ಬಾಲ್ ಪೆನ್ ಬೇಡ.